ಗುಂಡಿಗೆ ಇಳಿಯುವವನಿಗೆ ಯಾವ ಸರ್ಕಾರ?

ಮೊನ್ನೆ ಭಾನುವಾರ ಬೆಳಿಗ್ಗೆ ಹಾಲು ತರಲು ಹೊರಟಿದ್ದೆ. ನಮ್ಮ ಬೀದಿಯ ಮೂಲೆ ಮನೆ ಎದುರು ಟ್ಯಾಂಕರ್ ನಿಂತಿತ್ತು. ನಾವಿರುವುದು ಬೆಂಗಳೂರಿನ ಅಂಚಿನಲ್ಲಿ. ಒಳಚರಂಡಿ ಇತ್ತ ಇನ್ನೂ ಬಂದಿಲ್ಲ, ಮನೆಗೊಂದು ಪಿಟ್ ಗುಂಡಿ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಹನಿ ಸಕ್ಕರ್, ಅಂದರೆ ಗುಂಡಿಯ ಹೊಲಸನ್ನು ಪೈಪಿನಿಂದ ಹೀರುವ ಟ್ಯಾಂಕರ್, ಕರೆಸಿ ಖಾಲಿ ಮಾಡಿಸುತ್ತೇವೆ. ಆವತ್ತು ನೀರೆಲ್ಲ ಎಳೆದಾಗಿತ್ತು. ತಳದ ಗಸಿ ಗಟ್ಟಿಯಾಗಿ ಪೈಪು ಕಟ್ಟಿಕೊಂಡಿತ್ತು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗನೊಬ್ಬ ಅಂಗಿ ಬಿಚ್ಚಿ, ಮಡಚಿ, ಕಾಂಪೌಂಡಿನ ಮೇಲೆ ಇಟ್ಟಿದ್ದ. ಮೂಗಿಗೆ ಟವೆಲ್ಲು ಕಟ್ಟಿದ್ದ. ಒಂದು ಕಾಲು ಆಗಲೇ ಗುಂಡಿಯೊಳಗಿತ್ತು. ಸೊಂಟಕ್ಕೆ ಒಂದು ಹಗ್ಗವೂ ಇರಲಿಲ್ಲ.

"ಇಳೀಬೇಡಪ್ಪ, ಮೇಲೆ ಬಾ" ಅಂತ ಕೂಗಿದೆ. ಡ್ರೈವರು "ಎರಡೇ ನಿಮಿಷ ಸಾರ್" ಅಂದ. ಮನೆಯವರು ಗೇಟಿನೊಳಗಿಂದಲೇ "ಅವ್ರಿಗೆ ಅಭ್ಯಾಸ ಇರುತ್ತೆ ಬಿಡಿ ಸಾರ್" ಅಂದರು. ನಾನು ಗುಂಡಿಯ ಪಕ್ಕದಲ್ಲೇ ನಿಂತು ಒಂದಾದ ಮೇಲೊಂದು ಮೂರು ಕಚೇರಿಗೆ ಫೋನ್ ಮಾಡಿದೆ. ಒಬ್ಬರು, ಅದು ನಮ್ಮ ವ್ಯಾಪ್ತಿಗೆ ಬರಲ್ಲ ಅಂದರು. ಇನ್ನೊಬ್ಬರು, ಖಾಸಗಿ ಗುಂಡಿ ಅಲ್ವಾ, ನಾವೇನು ಮಾಡೋಣ ಅಂದರು. ಮೂರನೆಯವರು ಮಾತ್ರ ಸಮಾಧಾನದಿಂದ ಕೇಳಿಸಿಕೊಂಡು, "ಅದು ಕೇಂದ್ರದ ಕಾನೂನು ಸಾರ್, ನಮಗೆ ಮೇಲಿಂದ ಆದೇಶ ಬರಬೇಕು" ಅಂದರು. ಅಷ್ಟೂ ಹೊತ್ತು ಆ ಹುಡುಗ ಗುಂಡಿಯ ಬಾಯಿಯ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದ.

ಆ ಮೂರನೆಯ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಯಾಕೆ ಅಂತ ಹೇಳಬೇಕು.

ನನ್ನ ಈ ಪುಟವನ್ನು ಓದುವವರಿಗೆ ನನ್ನ ನಿಲುವು ಗೊತ್ತು. ರಾಜ್ಯಗಳಿಗೆ ಜಾಸ್ತಿ ಅಧಿಕಾರ ಬೇಕು ಅಂತ ವರ್ಷಗಳಿಂದ ಬರೆಯುತ್ತಾ ಬಂದಿದ್ದೇನೆ. ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆ ಹಣದಲ್ಲಿ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ 4.713% ಪಾಲು ಕೊಟ್ಟಿತ್ತು, 15ನೆಯದು ಅದನ್ನು 3.647%ಕ್ಕೆ ಇಳಿಸಿತು. ಆವತ್ತು ನಾನು ಎಷ್ಟು ಬರೆದೆ ಅಂತ ನಿಮಗೆ ನೆನಪಿರಬಹುದು. ಬ್ಯಾಂಕ್ ಪರೀಕ್ಷೆಯಲ್ಲಿ ಕನ್ನಡ ಬೇಕು ಅಂದಿದ್ದು, ನೀಟ್ ಬಗ್ಗೆ ಬರೆದಿದ್ದು, ಅದರಲ್ಲಿ ಒಂದಕ್ಷರವನ್ನೂ ಈಗ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ದುಡ್ಡು, ನಮ್ಮ ನುಡಿ, ನಮ್ಮ ಶಾಲೆ ನಮ್ಮ ಕೈಯಲ್ಲೇ ಇರಬೇಕು.

ಆದರೆ ಅಧಿಕಾರ ದೆಹಲಿಯಿಂದ ಬೆಂಗಳೂರಿಗೆ ಬಂದರೆ ಎಲ್ಲರ ಬದುಕೂ ಸರಿಹೋಗುತ್ತದೆ ಅಂತ ನಾನು ಒಳಗೊಳಗೇ ನಂಬಿದ್ದೆ. ಅದು ತಪ್ಪು. ಒಕ್ಕೂಟ ವ್ಯವಸ್ಥೆ ರಾಜ್ಯವನ್ನು ಕೇಂದ್ರದಿಂದ ಕಾಪಾಡುತ್ತದೆ. ರಾಜ್ಯದೊಳಗಿನ ಮನುಷ್ಯನನ್ನು ಅದೇ ರಾಜ್ಯದಿಂದ, ಅವನ ಊರಿನ ಪುರಸಭೆಯಿಂದ, ಪಕ್ಕದ ಮನೆಯವರಿಂದ ಕಾಪಾಡಲು ಅದರ ಕೈಲಿ ಆಗುವುದಿಲ್ಲ. ಮಲ ಹೊರುವ ಪದ್ಧತಿಯ ವಿರುದ್ಧ ನಾವು ಮಾಡಿದ ಕಾನೂನುಗಳ ಕತೆಯಲ್ಲೇ ಇದು ಕಾಣುತ್ತದೆ.

ಅಸ್ಪೃಶ್ಯತೆಯನ್ನು ತೆಗೆದುಹಾಕುವ 17ನೇ ವಿಧಿಯನ್ನು ಸಂವಿಧಾನ ಸಭೆ ಒಪ್ಪಿದ್ದು 1948ರ ನವೆಂಬರ್ 29ರಂದು. ಮೂಲಭೂತ ಹಕ್ಕುಗಳಲ್ಲಿ ಹೆಚ್ಚಿನವು ಸರ್ಕಾರದ ಕೈ ಕಟ್ಟುವಂಥವು. 17ನೇ ವಿಧಿ ಸರ್ಕಾರಕ್ಕೂ ಅನ್ವಯಿಸುತ್ತದೆ, ನನಗೂ ನಿಮಗೂ ಅನ್ವಯಿಸುತ್ತದೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಸಂವಿಧಾನದ ಮೂಲಭೂತ ಹಕ್ಕುಗಳ ಭಾಗದಲ್ಲಿ ಅಪರಾಧ ಅಂತ ಹೇಳಿದ ಕೆಲಸಗಳಿಗೆ ಶಿಕ್ಷೆ ಗೊತ್ತುಮಾಡುವ ಅಧಿಕಾರವನ್ನು 35ನೇ ವಿಧಿ ಸಂಸತ್ತಿಗೆ ಮಾತ್ರ ಕೊಟ್ಟಿದೆ, ರಾಜ್ಯಗಳ ಶಾಸನಸಭೆಗಳಿಗೆ ಕೊಟ್ಟಿಲ್ಲ. ಸಂವಿಧಾನ ಬರೆದವರಿಗೆ ಊರುಗಳ ಸ್ವಭಾವ ಗೊತ್ತಿತ್ತು. ಹಳ್ಳಿಯನ್ನು ಪಕ್ಕಕ್ಕಿಟ್ಟು ವ್ಯಕ್ತಿಯನ್ನು ಘಟಕವಾಗಿ ತೆಗೆದುಕೊಂಡಿದ್ದು ತಮಗೆ ಸಂತೋಷ ಅಂತ ಅಂಬೇಡ್ಕರ್ ಅದೇ ನವೆಂಬರ್ 4ರಂದು ಸಭೆಯಲ್ಲಿ ಹೇಳಿದ್ದರು. ಹಳ್ಳಿ ಸ್ವರಾಜ್ಯದ ಕನಸಿನಲ್ಲಿದ್ದವರಿಗೆ ಆ ಮಾತು ಹಿಡಿಸಲಿಲ್ಲ. ಕಾಲೇಜಿನಲ್ಲಿ ಮೊದಲ ಸಲ ಓದಿದಾಗ ನನಗೂ ಹಿಡಿಸಿರಲಿಲ್ಲ.

1955ರಲ್ಲಿ ಸಂಸತ್ತು ಅಸ್ಪೃಶ್ಯತೆಯ ಅಪರಾಧಗಳ ಕಾನೂನು ಮಾಡಿತು. 1976ರಲ್ಲಿ ಅದನ್ನು ತಿದ್ದಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಅಂತ ಹೆಸರಿಟ್ಟರು. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನಾದರೂ ಮಲ ಬಳಿಯುವ, ಕಸ ಗುಡಿಸುವ, ಸತ್ತ ದನ ಎತ್ತುವ ಕೆಲಸಕ್ಕೆ ಬಲವಂತ ಮಾಡಿದರೆ ಅದು ಅಪರಾಧ ಅಂತ ಆ ತಿದ್ದುಪಡಿಯಲ್ಲಿ ಬರೆದರು. ಅಂದರೆ ಇಡೀ ದೇಶಕ್ಕೆ ಒಂದೇ ಏಟಿಗೆ ಕಾನೂನು ಮಾಡುವ ಅಧಿಕಾರ ಸಂಸತ್ತಿಗಿತ್ತು, ಅದನ್ನು ಬಳಸಿಯೂ ಇತ್ತು.

ಹಾಗಿದ್ದೂ 1993ರಲ್ಲಿ ಮಲ ಹೊರುವ ಪದ್ಧತಿಯನ್ನೇ ನಿಷೇಧಿಸುವ ಕಾನೂನು ತರುವಾಗ ಏನಾಯಿತು ಗೊತ್ತಾ? ಇದು ನೈರ್ಮಲ್ಯದ ವಿಷಯ ಅಂದರು. ನೈರ್ಮಲ್ಯ ರಾಜ್ಯ ಪಟ್ಟಿಯಲ್ಲಿದೆ, 6ನೇ ನಮೂದು. ಅಂದರೆ ಅದರ ಬಗ್ಗೆ ಕಾನೂನು ಮಾಡುವುದು ರಾಜ್ಯಗಳ ಕೆಲಸ. ಹಾಗಾಗಿ 252ನೇ ವಿಧಿ ಹಿಡಿದರು. ಅದರ ಪ್ರಕಾರ, ಯಾವ ರಾಜ್ಯಗಳು ತಮ್ಮ ಶಾಸನಸಭೆಯಲ್ಲಿ ನಿರ್ಣಯ ಮಾಡಿ ಒಪ್ಪುತ್ತವೋ ಅಲ್ಲಿಗೆ ಮಾತ್ರ ಆ ಕಾನೂನು. ಮೊದಲು ಒಪ್ಪಿದ್ದು ಆರು ರಾಜ್ಯ: ಆಂಧ್ರಪ್ರದೇಶ, ಗೋವಾ, ಕರ್ನಾಟಕ, ಮಹಾರಾಷ್ಟ್ರ, ತ್ರಿಪುರಾ, ಪಶ್ಚಿಮ ಬಂಗಾಳ. ಜೊತೆಗೆ ಕೇಂದ್ರಾಡಳಿತ ಪ್ರದೇಶಗಳು. ಉಳಿದ ರಾಜ್ಯಗಳು ತಮಗೆ ಮನಸ್ಸು ಬಂದಾಗ ಸೇರಬಹುದು. ಅಲ್ಲಿಯವರೆಗೆ ಅಲ್ಲಿನ ಹೆಂಗಸು ತಲೆಯ ಮೇಲೆ ಬುಟ್ಟಿ ಹೊರುತ್ತಿರಬೇಕು. ಕಾನೂನು ಬರೆದವರಿಗೆ ಪಾಯಖಾನೆ ಕಂಡಿತು, ಅದನ್ನು ಬಳಿಯುವ ಹೆಂಗಸು ಕಾಣಲಿಲ್ಲ.

ನಮ್ಮ ರಾಜ್ಯ ಆ ಆರರಲ್ಲಿ ಇತ್ತು. ಇದು ಹೆಮ್ಮೆಯ ವಿಷಯವೇ. ಅದಕ್ಕೂ ಇಪ್ಪತ್ತು ವರ್ಷ ಮೊದಲು ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ನಮ್ಮಲ್ಲಿ ನಿಷೇಧಿಸಿದ್ದರು. ದೆಹಲಿ ಕಾನೂನು ಮಾಡುವ ಮೊದಲೇ. ರಾಜ್ಯಕ್ಕೆ ಅಧಿಕಾರ ಇದ್ದರೆ ಇಂಥದ್ದು ಸಾಧ್ಯ ಅಂತ ನಾನು ಎಷ್ಟೋ ಸಲ ಉದಾಹರಣೆ ಕೊಟ್ಟಿದ್ದೇನೆ, ಮುಂದೆಯೂ ಕೊಡುತ್ತೇನೆ.

ಹಾಗಾದರೆ ಸವಣೂರಿನಲ್ಲಿ ಯಾಕೆ ಹಾಗಾಯಿತು?

ನಾನು ಹಾವೇರಿ ಜಿಲ್ಲೆಯವನು. ಸವಣೂರು ಅಂದರೆ ನಮಗೆಲ್ಲ ಖಾರ, ವೀಳ್ಯದೆಲೆ, ಮಠದ ಹತ್ತಿರದ ಆ ಭಾರೀ ದೊಡ್ಡಹುಣಸೆ ಮರಗಳು. ಅದೇ ಊರಲ್ಲಿ 2010ರ ಜುಲೈನಲ್ಲಿ ಭಂಗಿ ಸಮುದಾಯದ ಕೆಲವರು ಪುರಸಭೆ ಕಚೇರಿ ಎದುರು ಬಂದು ನಿಂತು ತಮ್ಮ ಮೈಮೇಲೆ ಮಲ ಸುರಿದುಕೊಂಡರು. ತಲೆತಲಾಂತರದಿಂದ ಊರಿನ ಮಲ ಬಳಿದ ಮನೆಗಳವು. ಇದ್ದ ಜಾಗವನ್ನೂ ಬಿಟ್ಟು ಹೋಗಿ ಅನ್ನುವ ಹೊತ್ತು ಬಂದಿತ್ತು. ಮನವಿ ಕೊಟ್ಟು ಕೊಟ್ಟು ಸಾಕಾಗಿತ್ತು. ಫೋಟೊ ಪತ್ರಿಕೆಯಲ್ಲಿ ಬಂದ ದಿನ ನಮ್ಮವ್ವ ಪೇಪರನ್ನು ಮಡಚಿ ತಲೆದಿಂಬಿನ ಕೆಳಗೆ ಇಟ್ಟುಬಿಟ್ಟಳು. ಯಾಕವ್ವ ಅಂದರೆ, "ಊಟಾ ಮಾಡೂ ಮುಂದ ನೋಡಬ್ಯಾಡೋ" ಅಂದಳು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಲೆಕ್ಕ ಹಾಕಿ ನೋಡಿ. 1993ರ ಕಾನೂನು ಜಾರಿಗೆ ಬಂದಿದ್ದು 1997ರ ಜನವರಿ 26ಕ್ಕೆ. ನಮ್ಮ ರಾಜ್ಯ ಮೊದಲ ದಿನದಿಂದಲೂ ಅದರಲ್ಲಿತ್ತು. ಹದಿಮೂರು ವರ್ಷ ಕಳೆದ ಮೇಲೆ, ಒಪ್ಪಿಕೊಂಡ ರಾಜ್ಯದಲ್ಲೇ, ಮನುಷ್ಯರು ತಮ್ಮ ಮಾತು ಕೇಳಿಸಲಿ ಅಂತ ಹೀಗೆ ಮಾಡಬೇಕಾಯಿತು.

ಕಾರಣ ಆ ಕಾನೂನಿನ ಒಳಗೇ ಇತ್ತು. ಜಿಲ್ಲಾಡಳಿತದ ಅಧಿಕಾರಿ ಗೊತ್ತುಮಾಡಿದ ವ್ಯಕ್ತಿ ದೂರು ಕೊಟ್ಟರೆ ಮಾತ್ರ ಕೋರ್ಟು ಕೇಸು ತೆಗೆದುಕೊಳ್ಳಬೇಕು ಅಂತ ಅದರಲ್ಲಿ ಬರೆದಿತ್ತು. ಮಲ ಹೊತ್ತವಳು ತಾನೇ ಹೋಗಿ ಕೇಸು ಹಾಕುವ ಹಾಗಿರಲಿಲ್ಲ. ಅವಳಿಗೆ ಆ ಕೆಲಸ ಕೊಟ್ಟವರು ಯಾರು? ಊರಿನ ಪುರಸಭೆ. ದೂರು ಕೊಡಬೇಕಾದವರು ಯಾರು? ಜಿಲ್ಲಾಡಳಿತ. ದಿನಾ ಒಂದೇ ಮೀಟಿಂಗಿನಲ್ಲಿ ಕೂತು ಚಹಾ ಕುಡಿಯುವವರಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ಕೇಸು ಹಾಕುತ್ತಾರಾ?

ಇನ್ನು ಓಟಿನ ವಿಷಯ. ಸಣ್ಣ ಪಟ್ಟಣಗಳಲ್ಲಿ ಈ ಕೆಲಸ ಮಾಡುವವರದ್ದು ಹತ್ತೋ ಇಪ್ಪತ್ತೋ ಮನೆ. ಅವರ ಓಟಿನಿಂದ ವಾರ್ಡಿನ ಮೆಂಬರೂ ಗೆಲ್ಲುವುದಿಲ್ಲ, ಸೋಲುವುದಿಲ್ಲ. ಸರ್ಕಾರ ಜನರ ಹತ್ತಿರ ಬಂದಷ್ಟೂ ಒಳ್ಳೆಯದು ಅಂತ ನಾವು ಹೇಳುತ್ತೇವೆ. ಅರವತ್ತು ಲಕ್ಷ ಓಟಿರುವ ಸಮುದಾಯಕ್ಕೆ ಅದು ನಿಜ. ಹತ್ತು ಮನೆಯವರಿಗೆ ಹತ್ತಿರ ಬರುವುದು ಸರ್ಕಾರಕ್ಕಿಂತ ಮೊದಲು ಊರಿನ ದೊಡ್ಡವರು.

ಕೋಲಾರ ಚಿನ್ನದ ಗಣಿಯ ಬೆಜವಾಡ ವಿಲ್ಸನ್ ಅವರನ್ನು ಇಲ್ಲಿ ನೆನೆಯಲೇಬೇಕು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾವೆಲ್ಲ ನಮ್ಮವರು ಅಂತ ಹಂಚಿಕೊಂಡೆವು. ಅವರ ಮನೆಯವರೇ ಅಲ್ಲಿ ಆ ಕೆಲಸ ಮಾಡಿದವರು. ಗಣಿ ಕಾಲೊನಿಯ ಒಣ ಪಾಯಖಾನೆಗಳ, ಅಂದರೆ ನೀರಿಲ್ಲದೆ ಮನುಷ್ಯರೇ ಮಲ ಬಳಿಯಬೇಕಾದ ಪಾಯಖಾನೆಗಳ, ಫೋಟೊ ತೆಗೆದು ದೆಹಲಿಯವರೆಗೆ ಕಳಿಸಿ, ಅವು ಬೀಳುವವರೆಗೆ ಬಿಡದೆ ಹಿಂದೆ ಬಿದ್ದವರು. ಅವರ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಏನು ನಡೆಯಿತು ಅನ್ನುವುದು ನನಗೆ ಇಡೀ ಕತೆಯಲ್ಲಿ ಜಾಸ್ತಿ ನೋವು ಕೊಡುವ ಭಾಗ. ರಾಜ್ಯಗಳು ಒಂದರ ಹಿಂದೆ ಒಂದು ಅಫಿಡವಿಟ್ ಹಾಕಿದವು. ನಮ್ಮಲ್ಲಿ ಒಣ ಪಾಯಖಾನೆ ಇಲ್ಲ. ನಮ್ಮಲ್ಲಿ ಮಲ ಹೊರುವವರು ಇಲ್ಲ. ಆಂದೋಲನದವರು ಊರೂರು ಸುತ್ತಿ, ಫೋಟೊ ತೆಗೆದು, ಹೆಸರು ಬರೆದುಕೊಂಡು ಬಂದು ಇದ್ದಾರೆ ಅಂತ ತೋರಿಸಬೇಕಾಯಿತು. 2011ರ ಜನಗಣತಿ ಬಂದಾಗ ಮನುಷ್ಯರೇ ಮಲ ತೆಗೆಯುವ ಪಾಯಖಾನೆಗಳು ದೇಶದಲ್ಲಿ 7.94 ಲಕ್ಷ ಇದ್ದವು.

ಹಕ್ಕು ಇದೆ ಅಂತ ಕೋರ್ಟಿಗೆ ಹೋದರೆ, ಹಕ್ಕು ಕೇಳುವ ಮನುಷ್ಯನೇ ಇಲ್ಲ ಅಂತ ರಾಜ್ಯ ಹೇಳುತ್ತದೆ. ಜಿಎಸ್‌ಟಿ ಪಾಲು ಕೇಳುವಾಗ ಒಂದೊಂದು ರೂಪಾಯಿಯ ಲೆಕ್ಕ ಇಡುವ ರಾಜ್ಯಗಳಿವು.

ಕೊನೆಗೆ 2013ರಲ್ಲಿ ಹೊಸ ಕಾನೂನು ಬಂತು. ಈ ಸಲ ರಾಜ್ಯಗಳ ನಿರ್ಣಯಕ್ಕೆ ಕಾಯಲಿಲ್ಲ. ಡಿಸೆಂಬರ್ 6ರಂದು, ಅಂಬೇಡ್ಕರ್ ಪರಿನಿಬ್ಬಾಣದ ದಿನ, ಜಮ್ಮು ಕಾಶ್ಮೀರ ಬಿಟ್ಟು ಇಡೀ ದೇಶದಲ್ಲಿ ಜಾರಿಗೆ ಬಂತು. 2014ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, 1993ರಿಂದೀಚೆಗೆ ಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಮನೆಗೂ 10 ಲಕ್ಷ ಪರಿಹಾರ ಕೊಡಿ ಅಂತ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷ ಮಾಡಿತು.

ಜಮ್ಮು ಕಾಶ್ಮೀರ ಅಂದೆ. ಅಲ್ಲಿಯ ಒಂದು ಸಂಗತಿಯನ್ನು ನಮ್ಮ ಕಡೆಯವರು ಮಾತಾಡುವುದೇ ಇಲ್ಲ. 1957ರಲ್ಲಿ ಅಲ್ಲಿಯ ಸರ್ಕಾರ ಪಂಜಾಬಿನಿಂದ ವಾಲ್ಮೀಕಿ ಸಮುದಾಯದ ಕುಟುಂಬಗಳನ್ನು ಕಸ ಗುಡಿಸಲು ಕರೆತಂದಿತು. ಅವರ ಮಕ್ಕಳು ಅಲ್ಲೇ ಹುಟ್ಟಿದರು, ಓದಿದರು. ಆದರೆ ರಾಜ್ಯದ ಖಾಯಂ ನಿವಾಸಿಗಳು ಅಂತ ಅವರನ್ನು ಒಪ್ಪಲಿಲ್ಲ. ಡಿಗ್ರಿ ಮಾಡಿದವರಿಗೂ ಸರ್ಕಾರಿ ಕೆಲಸ ಅಂದರೆ ಪೊರಕೆ ಮಾತ್ರ. ಇಂಥ ನಿಯಮ ಮೂಲಭೂತ ಹಕ್ಕಿಗೆ ವಿರುದ್ಧ ಅಂತ ಪ್ರಶ್ನಿಸುವ ಹಾಗಿಲ್ಲ ಅಂತ, ಖಾಯಂ ನಿವಾಸಿಗಳು ಯಾರು ಅಂತ ಗೊತ್ತುಮಾಡುವ ಅಧಿಕಾರವನ್ನು ಆ ರಾಜ್ಯಕ್ಕೆ ಕೊಟ್ಟಿದ್ದ 35ಎ ವಿಧಿಯಲ್ಲೇ ಬರೆದಿತ್ತು. 2019ರಲ್ಲಿ ಆ ರಾಜ್ಯದ ವಿಶೇಷ ಸ್ಥಾನದ 370ನೇ ವಿಧಿಯನ್ನು ತೆಗೆದ ರೀತಿಗೆ ನಾನು ಆವತ್ತೂ ವಿರೋಧಿಯಾಗಿದ್ದೆ, ಇವತ್ತೂ ವಿರೋಧಿ. ಆ ರಾಜ್ಯದ ಶಾಸನಸಭೆಯನ್ನು ಕೇಳದೆ, ನಾಯಕರನ್ನು ಒಳಗೆ ಹಾಕಿ, ತಿಂಗಳುಗಟ್ಟಲೆ ಇಂಟರ್ನೆಟ್ ಕಿತ್ತು ಮಾಡಿದ ಕೆಲಸ ಅದು. ಆದರೆ ಅರವತ್ತು ವರ್ಷ ಆ ವಾಲ್ಮೀಕಿ ಮನೆಗಳ ಹುಡುಗರ ಕೈಗೆ ಪೊರಕೆಯನ್ನೇ ಕೊಟ್ಟಿದ್ದು ರಾಜ್ಯದ ಸ್ವಾಯತ್ತತೆಯ ಹೆಸರಲ್ಲೇ. ಎರಡನ್ನೂ ಒಂದೇ ಬಾಯಲ್ಲಿ ಹೇಳಬೇಕು. ಒಂದನ್ನು ಹೇಳಿ ಇನ್ನೊಂದನ್ನು ನುಂಗುವುದು ನನಗೆ ಆಗುತ್ತಿಲ್ಲ.

ಇದನ್ನು ಓದಿ ಗೆಳೆಯರು ಏನು ಹೇಳುತ್ತಾರೆ ಅಂತ ಗೊತ್ತು. "ನೀನೇ ಹೀಗೆ ಬರೆದರೆ ಎಲ್ಲಾ ದೆಹಲಿಗೇ ಕೊಡಿ ಅನ್ನುವವರ ಕೈಗೆ ಕೋಲು ಕೊಟ್ಟ ಹಾಗಲ್ವಾ?" ಹೌದು, ಆ ಭಯ ನನಗೂ ಇದೆ. ಅದಕ್ಕೇ ಇನ್ನೆರಡು ಮಾತು ಹೇಳುತ್ತೇನೆ.

ಕೋಲಾರದ ಆ ಗಣಿ ಯಾರದ್ದು? ಕೇಂದ್ರ ಸರ್ಕಾರದ ಕಂಪನಿಯದ್ದು. ದೇಶದಲ್ಲಿ ಹಳಿಗಳ ಮೇಲೆ ಮಲ ಬೀಳಿಸಿ ಅದನ್ನು ಮನುಷ್ಯರಿಂದ ತೆಗೆಸಿದ್ದು ಯಾರು? ರೈಲ್ವೆ. ರೈಲ್ವೆ ಪೂರ್ತಿ ಕೇಂದ್ರ ಪಟ್ಟಿಯಲ್ಲಿದೆ, ಯಾವ ರಾಜ್ಯದ ಒಪ್ಪಿಗೆಯೂ ಬೇಕಿರಲಿಲ್ಲ. ಆದರೂ ಹಳಿಯ ಮೇಲಿನ ಈ ಕೆಲಸ ನಿಲ್ಲಿಸಲು ಗಡುವು ಹಾಕಿಕೊಳ್ಳಿ ಅಂತ 2014ರಲ್ಲಿ ಸುಪ್ರೀಂ ಕೋರ್ಟೇ ಅದಕ್ಕೆ ಹೇಳಬೇಕಾಯಿತು. ಇನ್ನು 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಕೊಟ್ಟ ಉತ್ತರ ನೋಡಿ. ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿ ಇಲ್ಲ ಅಂದರು. ಮ್ಯಾನ್‌ಹೋಲಿನಲ್ಲಿ ಸತ್ತವರು ಬೇರೆ ಲೆಕ್ಕವಂತೆ, ಅದು 'ಅಪಾಯಕಾರಿ ಸ್ವಚ್ಛತೆ'ಯಂತೆ. ರಾಜ್ಯಗಳು ಅಫಿಡವಿಟ್ಟಿನಲ್ಲಿ ಮಾಡಿದ್ದನ್ನೇ ಕೇಂದ್ರ ಸಂಸತ್ತಿನಲ್ಲಿ ಮಾಡಿತು.

ಕೇಂದ್ರ ಒಪ್ಪಿದ ಲೆಕ್ಕವೂ ಇದೆ. ಎರಡು ಸಮೀಕ್ಷೆ ಸೇರಿ ದೇಶದಲ್ಲಿ 58,098 ಮಂದಿ ಮಲ ಹೊರುವವರನ್ನು ಗುರುತಿಸಿದರು. ಅದರಲ್ಲಿ ಜಾತಿ ವಿವರ ಸಿಕ್ಕ 43,797 ಜನರಲ್ಲಿ 42,594 ಮಂದಿ ಪರಿಶಿಷ್ಟ ಜಾತಿಯವರು. ಇದನ್ನು ನೋಡಿದ ಮೇಲೂ ಇದು ನೈರ್ಮಲ್ಯದ ಪ್ರಶ್ನೆ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ದೆಹಲಿಗೆ ಎಲ್ಲ ಒಪ್ಪಿಸಿ ಅಂತ ನಾನು ಹೇಳುತ್ತಿಲ್ಲ. ರಾಜ್ಯ ಮೊದಲು ಹೆಜ್ಜೆ ಇಡಲಿ, ಬಸವಲಿಂಗಪ್ಪನವರ ಹಾಗೆ. ಸುಪ್ರೀಂ ಕೋರ್ಟ್ 30 ಲಕ್ಷ ಕೊಡಿಸಿದರೆ ನಾವು 50 ಕೊಡೋಣ. ಕೇರಳದಲ್ಲಿ ಮ್ಯಾನ್‌ಹೋಲಿಗೆ ರೋಬೋಟ್ ಇಳಿಸಿದರು, ನಾವು ಪ್ರತಿ ಪುರಸಭೆಗೂ ಯಂತ್ರ ಕೊಡಿಸೋಣ. ಅದಕ್ಕೆಲ್ಲ ರಾಜ್ಯಕ್ಕೆ ಅಧಿಕಾರವೂ ಬೇಕು, ದುಡ್ಡೂ ಬೇಕು. ಆ ಜಗಳ ನಿಲ್ಲಿಸಬಾರದು. ಆದರೆ ಒಬ್ಬ ಮನುಷ್ಯನನ್ನು ಇನ್ನೊಬ್ಬರ ಹೊಲಸಿನೊಳಗೆ ಇಳಿಸಬಾರದು ಅನ್ನುವ ಮಾತು ಮಾತ್ರ ಯಾವ ಪಟ್ಟಿಯ, ಯಾವ ನಿರ್ಣಯದ, ಯಾವ ಸರ್ಕಾರದ ಒಪ್ಪಿಗೆಗೂ ಕಾಯುವ ಹಾಗಿರಬಾರದು. ಯಾರ ಊರಲ್ಲಿ ಸತ್ತರೂ ಆ ಊರಿನ ಅಧಿಕಾರಿ ಉತ್ತರ ಕೊಡಬೇಕು. ಅವನು ಕೊಡದಿದ್ದರೆ ಜಿಲ್ಲೆ ಕೊಡಬೇಕು, ಜಿಲ್ಲೆ ಕೊಡದಿದ್ದರೆ ರಾಜ್ಯ, ಆಮೇಲೆ ಕೇಂದ್ರ. ಸತ್ತವನ ಹೆಂಡತಿ ಇಷ್ಟೂ ಬಾಗಿಲು ತಟ್ಟಿಕೊಂಡು ತಿರುಗಬಾರದು.

ಇನ್ನೂ ಒಂದು ಬೇಡಿಕೆ ನಮ್ಮದೇ ಹೋರಾಟಗಾರರಿಗೆ. ರಾಜ್ಯದ ಹಕ್ಕಿಗಾಗಿ ಫ್ರೀಡಂ ಪಾರ್ಕಿನಲ್ಲಿ ಕೂರುವ ನಾವು, ಬಜೆಟ್ ಬಂದಾಗ ಯಾವ ಪುರಸಭೆಗೆ ಚರಂಡಿಯನ್ನು ನೀರಿನ ಒತ್ತಡದಿಂದ ತೊಳೆಯುವ ಎಷ್ಟು ಜೆಟ್ಟಿಂಗ್ ಯಂತ್ರ ಬಂತು ಅಂತ ಒಮ್ಮೆಯಾದರೂ ಕೇಳಿದ್ದೇವಾ? 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಚರಂಡಿಗೆ ಇಳಿಸುವುದನ್ನು ನಿಲ್ಲಿಸಿ ಅಂತ ಆದೇಶ ಕೊಟ್ಟಿತು. ಆ ಆರರಲ್ಲಿ ಬೆಂಗಳೂರು ಇದೆ. ಹನ್ನೊಂದು ವರ್ಷ ಹಳೆಯ ಕಾನೂನನ್ನು ಪಾಲಿಸಿ ಅಂತ ಐಟಿ ರಾಜಧಾನಿಗೆ ಮತ್ತೆ ಹೇಳಿಸಿಕೊಳ್ಳುವ ಸ್ಥಿತಿ. ಆವತ್ತು ನಮ್ಮ ಗುಂಪುಗಳಲ್ಲಿ ಒಬ್ಬರೂ ಅದನ್ನು ಹಂಚಿಕೊಂಡ ನೆನಪಿಲ್ಲ. ನಾನೂ ಹಂಚಿಕೊಂಡಿರಲಿಲ್ಲ.

ಮತ್ತೆ ಆ ಭಾನುವಾರಕ್ಕೆ ಬರುತ್ತೇನೆ. ಹುಡುಗ ಇಳಿಯಲಿಲ್ಲ. ಡ್ರೈವರಿಗೆ, "ಒಳಗಿನ ಗಾಳಿ ಮೊದಲು ಮೂಗನ್ನೇ ಸಾಯಿಸುತ್ತೆ, ವಾಸನೆ ಇಲ್ಲ ಅಂದುಕೊಂಡು ಇಳಿದವನು ಮೇಲೆ ಬರಲ್ಲ" ಅಂತ ಹೇಳಿದೆ. ಗೊತ್ತು ಸಾರ್ ಅಂದ. ಗೊತ್ತಿತ್ತು ಅವನಿಗೆ. ಟ್ಯಾಂಕರಿನ ನೀರನ್ನೇ ಜೋರಾಗಿ ಬಿಟ್ಟು, ಉದ್ದದ ಬಿದಿರು ಕೋಲಿನಿಂದ ಮೇಲಿಂದಲೇ ಕಲಕಿ, ಮತ್ತೆ ಎಳೆದರು. ಒಂದೂವರೆ ಗಂಟೆ ಹಿಡಿಯಿತು. ಆ ಒಂದೂವರೆ ಗಂಟೆಗೆ ಆರುನೂರು ರೂಪಾಯಿ ಜಾಸ್ತಿ ಕೇಳಿದರು. ಮನೆಯವರು ಕೊಡಲ್ಲ ಅಂದರು, ನಾನು ಕೊಟ್ಟೆ. ಅಷ್ಟೇ ವ್ಯತ್ಯಾಸ ಇದ್ದಿದ್ದು, ಆರುನೂರು ರೂಪಾಯಿ.

2013ರ ಕಾನೂನಿನಲ್ಲಿ ಪುರಸಭೆಯ ಜೊತೆಗೆ 'ಯಾವ ವ್ಯಕ್ತಿಯೂ' ಅನ್ನುವ ಮಾತೂ ಇದೆ. ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ, ಸುರಕ್ಷತೆ ಇಲ್ಲದೆ ಯಾರನ್ನಾದರೂ ಗುಂಡಿಗೆ ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ. ಅಂದರೆ ಮೂಲೆ ಮನೆಯವರೂ, ನಾನೂ, ನೀವೂ. ಇದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಬಡಾವಣೆಯ ಸಂಘಕ್ಕೆ ಕೊಟ್ಟಿದ್ದೇನೆ. ಯಂತ್ರ ಇಲ್ಲದ ಟ್ಯಾಂಕರನ್ನು ಒಳಗೆ ಬಿಡಬಾರದು ಅಂತ ಅರ್ಜಿ. ನಲವತ್ತೊಂದು ಮನೆಯಲ್ಲಿ ಇಲ್ಲಿಯವರೆಗೆ ಹದಿನಾರು ಸಹಿ ಆಗಿದೆ. ಮುಂದಿನ ತಿಂಗಳು ನಮ್ಮ ಮನೆಯ ಗುಂಡಿಯ ಸರದಿ. ಉಳಿದ ಇಪ್ಪತ್ತೈದು ಸಹಿಗೆ ಈ ವಾರ ಮತ್ತೆ ಮನೆಮನೆಗೆ ಹೋಗುತ್ತಿದ್ದೇನೆ. ಮೂಲೆ ಮನೆಯಿಂದಲೇ ಶುರು ಮಾಡುತ್ತೇನೆ.